ದುಂಡನೆಯ ಪಿಜ್ಜಾದ ನಾಲ್ಕು ಮೂಲೆ

ಆಂಟಿಯ ಬಲಗಿವಿಯ ಹಾಲೆಗೆ ಯಾವಾಗಲೂ ಒಂದಿಷ್ಟು ಹಿಟ್ಟು ಮೆತ್ತಿರುತ್ತಿತ್ತು. ಮುತ್ತಿನ ಓಲೆಯ ಸುತ್ತ ಬೆಳ್ಳಗೆ ಕಾಣುತ್ತಿದ್ದ ಆ ಹಿಟ್ಟನ್ನು ನಾನು ಒರೆಸಲು ಹೋದರೆ ತಲೆ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಓವನ್ನಿನಿಂದ ತೆಗೆದ ಪಿಜ್ಜಾವನ್ನು ಅವರು ಮೊದಲು ಬಾಯಿಗೂ ಹಾಕುತ್ತಿರಲಿಲ್ಲ, ಮೂಗಿಗೂ ಹಿಡಿಯುತ್ತಿರಲಿಲ್ಲ. ಒಂದು ತುಂಡನ್ನು ಕಿವಿಯ ಹತ್ತಿರ ತಂದು, ಕಣ್ಣು ಮುಚ್ಚಿ, ಎರಡೇ ಬೆರಳಲ್ಲಿ ಮುರಿಯುತ್ತಿದ್ದರು. ಧಾರವಾಡದಲ್ಲಿ ಅವರ ಅತ್ತೆ ಕಡಕ್ ರೊಟ್ಟಿಯನ್ನು ಹೀಗೇ ಪರೀಕ್ಷೆ ಮಾಡುತ್ತಿದ್ದರಂತೆ. ‘ಕಟ್’ ಅನ್ನಬೇಕು. ಅನ್ನದಿದ್ದರೆ ಅದು ಎಷ್ಟೇ ರುಚಿಯಾಗಿದ್ದರೂ ಫೇಲು.

ನಮ್ಮ ಎದುರು ಮನೆಗೆ ಅವರು ಬಂದಾಗ ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್‌ನ ನಮ್ಮ ಬೀದಿಯಲ್ಲಿ ಗಿಡಗಳೂ ಇನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು. ಒಂದು ಶನಿವಾರ ಮಧ್ಯಾಹ್ನ ಆ ಮನೆಯಿಂದ ಹೊಗೆಯ ಅಲಾರಂ ಹೊಡೆದುಕೊಳ್ಳತೊಡಗಿತು. ನಾನು ಬರಿಗಾಲಲ್ಲಿ ಓಡಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು ಕುರ್ಚಿಯ ಮೇಲೆ ಹತ್ತಿ ನಿಂತು, ಊರಿಂದ ತಂದ ಮೊರದಲ್ಲಿ ಸೂರಿಗೆ ಗಾಳಿ ಹಾಕುತ್ತಿದ್ದರು.

“ಬರ್ರಿ, ಬರ್ರಿ. ಮೊದಲ ಇದರ ಬಾಯಿ ಮುಚ್ಚಸ್ರಿ,” ಅಂದರು.

ನಾನು ಪೊರಕೆ ಕೋಲಿನಿಂದ ಗುಂಡಿ ಒತ್ತಿ ಬಾಯಿ ಮುಚ್ಚಿಸಿದೆ. ಹೋಗಲು ತಿರುಗಿದರೆ ಬಿಡಲಿಲ್ಲ. “ಹೊಗಿ ನೋಡ್ಲಿಕ್ಕೆ ಬಂದೀರಿ, ಬೆಂಕಿ ಹಚ್ಚಿದವರ ಕೈರುಚೀನೂ ನೋಡಿ ಹೋಗ್ರಿ.” ತಟ್ಟೆಯಲ್ಲಿ ಬಂದದ್ದು ತಳ ಕರಕಲಾದ, ಮೇಲೆ ಮೆತ್ತಗಿದ್ದ, ಚೌಕ ಚೌಕವಾಗಿ ಕತ್ತರಿಸಿದ ಪಿಜ್ಜಾ.

ಧಾರವಾಡದವರು ಅಂತ ತಿಳಿದ ಕೂಡಲೇ ನಾನೂ ಎಲ್ಲರ ಹಾಗೆ ಕೇಳಬಾರದ್ದನ್ನು ಕೇಳಿದೆ. “ಆಂಟಿ, ಜೋಳದ ರೊಟ್ಟಿ ಮಾಡಲ್ವಾ?”

“ಮಾಡತೇನಿ. ಆದ್ರ ನೀವು ಮೈಸೂರಿನವರು ಸಿಕ್ಕಾಗೆಲ್ಲಾ ನಾ ಏನರೆ ನಿಮ್ಮನ್ನ ಮಸಾಲಿ ದ್ವಾಸಿ ಹಾಕ್ರಿ ಅಂತೇನೇನು?”

ಅವತ್ತಿನಿಂದ ನಾನು ಅವರ ಮನೆಯವಳಾದೆ. ‘ರಿ’ ಹೋಗಿ ‘ತಂಗಿ’ ಬಂತು. ವಯಸ್ಸಿನಲ್ಲಿ ನಾನು ಅವರ ಮಗಳ ಸಮ, ಆದರೂ ‘ತಂಗಿ’. ಅವರ ಕಡೆ ಹಾಗೇ.

ಅವರು ಮದುವೆಯಾಗಿ ಬಂದಿಳಿದದ್ದು ಶಿಕಾಗೋಗೆ. ಗಂಡ ನಗರದ ನೀರಿನ ಇಲಾಖೆಯಲ್ಲಿ ಎಂಜಿನಿಯರ್, ಇವರು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ. ಇಬ್ಬರು ಮಕ್ಕಳು, ಮೊದಲು ಮಗ, ಆಮೇಲೆ ಮಗಳು. ಅವರ ಓಣಿಯ ತಿರುವಿನಲ್ಲಿ ಒಂದು ಹಳೆಯ ಪಿಜ್ಜಾ ಅಂಗಡಿ ಇತ್ತಂತೆ. ಪ್ರತಿ ಶುಕ್ರವಾರ ಕೆಲಸ ಮುಗಿಸಿ ಬರುವಾಗ ಅಂಕಲ್ ಅಲ್ಲಿಂದ ಒಂದು ಡಬ್ಬಿ ತರುತ್ತಿದ್ದರು. ಹಿಮ ಬಿದ್ದ ದಿನ ಆ ಡಬ್ಬಿಯನ್ನು ಕೋಟಿನೊಳಗೆ ಅಪ್ಪಿಕೊಂಡು ಬಂದು, ಡಬ್ಬಿಗಿಂತ ಮೊದಲು ಎದೆ ಸುಟ್ಟಿದೆ ಅಂತ ದೂರುತ್ತಿದ್ದರಂತೆ.

ಶಿಕಾಗೋ ಪಿಜ್ಜಾ ಅಂದರೆ ಬಾಣಲೆಯಷ್ಟು ಆಳದ, ಚೀಸ್ ತುಂಬಿದ ಆ ದಪ್ಪನೆಯದು ಅಂತ ನಾನು ತಿಳಿದಿದ್ದೆ. ಹಾಗಂದೆ ಕೂಡ. ಆಂಟಿ ಕೆರಳಿದರು. “ಅದು ಊರು ನೋಡ್ಲಿಕ್ಕೆ ಬಂದವರಿಗೆ ತಂಗಿ. ಊರಿನ ಮಂದಿ ತಿನ್ನೂದು ಇದು.” ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿ, ಅಂಚಿನ ತನಕ ಸಾಸು, ಚೀಸು ಹರಡಿ, ಗರಿಗರಿಯಾಗಿ ಸುಟ್ಟು, ದುಂಡನೆಯದನ್ನು ಚೌಕ ಚೌಕವಾಗಿ ಕತ್ತರಿಸುವುದು. ಕೈಯಲ್ಲಿ ಹಿಡಿದರೆ ತುದಿ ಬಾಗಬಾರದು. ಇವರು ಸಸ್ಯಾಹಾರಿಗಳು ಅಂತ ಅಂಗಡಿಯವನು ಮಾಂಸ ಬಿಟ್ಟು, ಮಾಂಸಕ್ಕೆ ಹಾಕುವ ಬಡೇಸೋಪನ್ನು ಮಾತ್ರ ಸಾಸಿಗೆ ಬೆರೆಸಿ, ಮೇಲೆ ಎಣ್ಣೆಯಲ್ಲಿ ನೆನೆದ ಹೂಕೋಸು, ಕ್ಯಾರೆಟ್, ಹಸಿಮೆಣಸಿನಕಾಯಿಯ ಉಪ್ಪಿನಕಾಯಿ ಉದುರಿಸಿ ಕೊಡುತ್ತಿದ್ದನಂತೆ. ಆ ಊರಿನವರೂ ಉಪ್ಪಿನಕಾಯಿ ಹಾಕಿಕೊಂಡು ತಿನ್ನುತ್ತಾರೆ ಅಂತ ತಿಳಿದ ದಿನ ಈ ದೇಶದಲ್ಲಿ ಬದುಕಬಹುದು ಅಂತ ಆಂಟಿಗೆ ಧೈರ್ಯ ಬಂತು.

ದುಂಡನೆಯದನ್ನು ಚೌಕವಾಗಿ ಕತ್ತರಿಸಿದರೆ ನಾಲ್ಕು ಕಡೆ ಪುಟ್ಟ ಮುಮ್ಮೂಲೆಯ ತುಂಡುಗಳು ಉಳಿಯುತ್ತವೆ, ಎರಡೇ ಕಚ್ಚಿಗೆ ಮುಗಿದುಹೋಗುವಂಥವು. ಅತಿ ಗರಿಗರಿ ಅವೇ. ಆ ನಾಲ್ಕೂ ಮಗನಿಗೆ. ನಡುವಿನ, ಅಂಚಿಲ್ಲದ, ಚೀಸ್ ತುಂಬಿದ ತುಂಡುಗಳು ಮಗಳಿಗೆ. ಮಿಕ್ಕಿದ್ದಕ್ಕೆಲ್ಲ ಕಚ್ಚಾಡುತ್ತಿದ್ದ ಅಣ್ಣತಂಗಿ ಪಿಜ್ಜಾಕ್ಕೆ ಮಾತ್ರ ಒಮ್ಮೆಯೂ ಜಗಳವಾಡಿರಲಿಲ್ಲವಂತೆ. “ದೇವರು ಇವರಿಬ್ಬರಿಗೂ ಪಾಲು ಮಾಡೇ ಕೊಯ್ಸಿದ್ದ ನೋಡು,” ಅನ್ನುತ್ತಿದ್ದರು.

ಅಂಥ ಅಣ್ಣತಂಗಿ ಈಗ ಮಾತು ಬಿಟ್ಟಿದ್ದರು.

ಮಗ ಡಾಲಸ್‌ನಲ್ಲಿ, ಮಗಳು ಆಸ್ಟಿನ್‌ನಲ್ಲಿ. ಅಂಕಲ್ ಶಿಕಾಗೋದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುವಾಗ ಮಗಳು ಹತ್ತಿರವಿದ್ದಳು, ಮಗನ ವಿಮಾನ ಹಿಮಪಾತದಲ್ಲಿ ಸಿಕ್ಕಿಕೊಂಡಿತ್ತು. ಅವನು ಬಂದು ಮುಟ್ಟುವ ಮೊದಲೇ ಉಸಿರಿನ ಯಂತ್ರ ತೆಗೆದಿದ್ದರು. ‘ನಾನು ಬರೋ ತನಕ ಕಾಯಲಿಲ್ಲ ನೀನು’ ಅಂತ ಅವನು ತಂಗಿಗೆ ಅಂದ ಮಾತೇ ಕೊನೆಯ ಮಾತು. ಇಬ್ಬರೂ ತಾಯಿಯನ್ನು ತಮ್ಮಲ್ಲಿಗೆ ಕರೆದರು. ಒಬ್ಬರ ಮನೆಗೆ ಹೋದರೆ ಇನ್ನೊಬ್ಬರದು ತಪ್ಪು ಅಂದ ಹಾಗಾಗುತ್ತದೆ ಅಂತ ಆಂಟಿ ಇಬ್ಬರಿಗೂ ದೂರವಾದ ಹ್ಯೂಸ್ಟನ್ ಕಡೆಗೆ ಬಂದು ಕೂತರು. ಡಾಲಸ್ಸಿಗೆ ಹೋದಾಗ ಮಗನ ಫ್ರೀಜರಿನಲ್ಲಿ ಶಿಕಾಗೋದಿಂದ ತರಿಸಿದ ಮಂಜುಗಟ್ಟಿದ ಪಿಜ್ಜಾ ಡಬ್ಬಿ ನೋಡಿದರು. ಮುಂದಿನ ತಿಂಗಳು ಆಸ್ಟಿನ್ನಿಗೆ ಹೋದರೆ ಮಗಳ ಫ್ರೀಜರಿನಲ್ಲೂ ಅದೇ ಡಬ್ಬಿ.

“ಇಬ್ಬರೂ ಒಂದ ಊರಿನ ನೆನಪು ತಗಂಡು ಬ್ಯಾರೆ ಬ್ಯಾರೆ ಫ್ರೀಜರಿನ್ಯಾಗ ಇಟ್ಟಾರ. ನಾ ಅದನ್ನ ಬಿಸಿಬಿಸಿ ಮಾಡಿ ಒಂದ ಟೇಬಲ್ಲಿನ ಮ್ಯಾಲೆ ಇಡಬೇಕು ತಂಗಿ,” ಅಂದರು. ಅಲಾರಂ ಹೊಡೆದುಕೊಂಡಿದ್ದು ಇದಕ್ಕೆ.

ಮುಂದಿನ ಶುಕ್ರವಾರಗಳೆಲ್ಲ ಪ್ರಯೋಗದವು. ನಾನು ಆಫೀಸಿನಿಂದ ಬಂದು ಕಾರು ನಿಲ್ಲಿಸುವುದನ್ನೇ ಕಾದಿದ್ದು ಕಿಟಕಿಯಿಂದ ಕೈ ಬೀಸುತ್ತಿದ್ದರು. ಹಿಟ್ಟು ಬದಲಾಯಿತು, ಎಣ್ಣೆ ಬದಲಾಯಿತು. ಕಲ್ಲಿನ ಹಲಗೆ ಹೋಗಿ ಉಕ್ಕಿನ ಹಲಗೆ ಬಂತು. ತಳಕ್ಕೆ ಮೆಕ್ಕೆಜೋಳದ ತರಿ ಉದುರಿಸಿದರು. ಏನು ಮಾಡಿದರೂ ತುಂಡು ಎತ್ತಿದ ಕೂಡಲೇ ತುದಿ ಮೆಲ್ಲಗೆ ಕೆಳಗೆ ಬಾಗುತ್ತಿತ್ತು.

“ನೋಡು, ಮತ್ತ ನಮಸ್ಕಾರ ಮಾಡ್ಲಿಕ್ಕತ್ತದ,” ಅನ್ನುತ್ತಿದ್ದರು. “ಇಷ್ಟು ಸಂಸ್ಕಾರ ಪಿಜ್ಜಾಕ್ಕ ಬ್ಯಾಡಾಗಿತ್ತು.”

ಫೇಲಾದದ್ದನ್ನು ತಿನ್ನುವವರು ನಾವಿಬ್ಬರೇ. ಹಾಗೆ ತಿನ್ನುವಾಗ ಅವರು ಮಾಡುತ್ತಿದ್ದ ಒಂದು ಕೆಲಸ ನನಗೆ ಸಿಟ್ಟು ತರಿಸುತ್ತಿತ್ತು. ನಾಲ್ಕೂ ಮೂಲೆಯ ತುಂಡುಗಳನ್ನು ಮೊದಲೇ ತಮ್ಮ ತಟ್ಟೆಗೆ ಎಳೆದುಕೊಂಡುಬಿಡುತ್ತಿದ್ದರು. ಒಂದಾದರೂ ಕೊಡಿ ಅಂದರೆ, “ಮಕ್ಕಳಿದ್ದಾಗ ಒಂದೂ ಸಿಕ್ಕಿಲ್ಲ ನನಗ. ಈಗ ಅವ್ರಿಲ್ಲ, ಇವೆಲ್ಲಾ ನನ್ನವು,” ಅಂತ ನಗುತ್ತ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಊರಿಗೆಲ್ಲ ಉಣಬಡಿಸುವ ಹೆಂಗಸಿನ ಈ ಜಿಪುಣತನ ನೋಡಿ ನನಗೆ ನಗುವೂ ಬರುತ್ತಿತ್ತು.

ಯುಗಾದಿಯ ದಿನ ಕನ್ನಡದವರೆಲ್ಲ ಸೇರಿ ಮನೆಗೊಂದು ಅಡುಗೆ ತಂದು ಊಟ ಮಾಡುವುದು ನಮ್ಮಲ್ಲಿ ರೂಢಿ. ಆಂಟಿಯ ಪಾಲಿಗೆ ರೊಟ್ಟಿ, ಎಣ್ಣೆಗಾಯಿ ಅಂತ ಕೇಳದೇ ಬರೆದುಕೊಂಡಿದ್ದರು. ಅವರು ತಂದದ್ದು ಪಿಜ್ಜಾ. ಹ್ಯೂಸ್ಟನ್ನಿನ ಆಚೆ ತುದಿಯ ಕ್ಲಿಯರ್ ಲೇಕ್‌ನಿಂದ ಬಂದಿದ್ದ ನಮ್ಮ ಮೈಸೂರಿನ ಹಿರಿಯರೊಬ್ಬರು ಮುಚ್ಚಳ ತೆಗೆದು ನೋಡಿ, “ಇದೇನಮ್ಮಾ, ಮೈಸೂರುಪಾಕಿನ ಥರ ಚೌಕ ಕತ್ತರಿಸಿದ್ದೀರಿ?” ಅಂದರು. “ಮೈಸೂರಿನವರಿಗೂ ತಿಳೀಲಿ ಅಂತ ಹಂಗ ಕೊಯ್ದೇನ್ರಿ,” ಅಂದರು ಆಂಟಿ. ಒಬ್ಬಟ್ಟಿಗಿಂತ ಮೊದಲು ಖಾಲಿಯಾದದ್ದು ಅದೇ, ಮಕ್ಕಳ ಕೈಯಲ್ಲಿ. ಆದರೂ ಮನೆಗೆ ಬರುವಾಗ ಕಾರಿನಲ್ಲಿ ಅವರ ಮುಖ ಸಪ್ಪಗಿತ್ತು. ‘ಕಟ್’ ಅಂದಿರಲಿಲ್ಲವಲ್ಲ.

ಆ ದಿನಗಳಲ್ಲೇ ನನ್ನ ಮಗಳು ಶಾಲೆಯಲ್ಲಿ ‘ನನ್ನ ಊರು’ ಅಂತ ಒಂದು ಪ್ರಬಂಧ ಬರೆದಳು. ಮೈಸೂರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಲ್ಲಿನ ಕೆರೆ ಏರಿ, ಸೈಕಲ್ಲಿನ ದಾರಿ, ಎದುರು ಮನೆ ಅಜ್ಜಿಯ ಹೊಗೆ ಅಲಾರಂ. ನಾನು ರೇಗಿದೆ. ನಮ್ಮ ಜಗಳ ಎದುರು ಮನೆಗೂ ಕೇಳಿಸಿರಬೇಕು. ಮರುದಿನ ಆಂಟಿ ಹಿಟ್ಟು ನಾದುತ್ತ ಹೇಳಿದರು, “ಮೈಸೂರು ನಿನ್ನೂರು ತಂಗಿ. ಆಕೀದಲ್ಲ. ನನ್ನ ಮಕ್ಕಳನ್ನ ವರ್ಷಾ ವರ್ಷಾ ಧಾರವಾಡಕ್ಕ ಕರಕೊಂಡು ಹೋದೆ. ಅವ್ರು ಅಲ್ಲೆ ಕೂತು ಶಿಕಾಗೋದ ಪಿಜ್ಜಾ ನೆನಸತಿದ್ರು. ಸಿಟ್ಟು ಬರತಿತ್ತು. ಈಗ ನೋಡು, ನಾನ ನೆನಸ್ಲಿಕ್ಕತ್ತೀನಿ.” ಮನೆಗೆ ಹೋಗಿ ಆ ಪ್ರಬಂಧವನ್ನು ಮತ್ತೊಮ್ಮೆ ಓದಿದೆ. ಚೆನ್ನಾಗಿಯೇ ಬರೆದಿದ್ದಳು.

ಗುಟ್ಟು ಸಿಕ್ಕಿದ್ದು ನಮ್ಮ ಹಿತ್ತಲಿನಲ್ಲಿ. ಹ್ಯೂಸ್ಟನ್ನಿನ ಹವೆ ಸಾಮಾನ್ಯವಾಗಿ ಒದ್ದೆ ಟವೆಲಿನಂತಿರುತ್ತದೆ. ಆ ಮೇ ತಿಂಗಳು ಅಪರೂಪಕ್ಕೆ ಒಣಗಾಳಿ ಬೀಸಿ, ಬಿಸಿಲು ಚುರುಗುಟ್ಟಿತು. ಹಪ್ಪಳ ಮಾಡೋಣ ಅಂದರು ಆಂಟಿ. ಉದ್ದಿನ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟುಕೊಂಡು ಅವರು ಒಂದೊಂದೇ ಉಂಡೆ ಲಟ್ಟಿಸಿ ಕೊಡುತ್ತಿದ್ದರು, ನಾನು ಮೇಜಿನ ಮೇಲಿನ ಹಾಳೆಗೆ ಹರಡುತ್ತಿದ್ದೆ. ಫೋನ್ ಬಂತು. ಎದ್ದು ಹೋಗುವಾಗ ನನ್ನ ಕೈ ತಾನೇ ತಾನಾಗಿ ಆ ಒದ್ದೆ ಬಟ್ಟೆಯನ್ನು ಎಳೆದು ಲಟ್ಟಿಸಿದ ಹಪ್ಪಳಗಳ ಮೇಲೆ ಹೊದಿಸಿತು. ನಮ್ಮಮ್ಮ ಕಲಿಸಿದ ಪಾಠ. ಹಿಟ್ಟು ಬಿಟ್ಟು ಏಳುವಾಗ ಮುಚ್ಚಿ ಏಳಬೇಕು.

“ಏ ಹುಚ್ಚೀ, ಒಣಗ್ಲಿಕ್ಕೆ ಹಾಕಿದ್ದನ್ನ ಯಾರರೆ ಮುಚ್ಚತಾರೇನ...” ಅಂತ ಶುರುಮಾಡಿದವರು ಅಲ್ಲಿಗೇ ನಿಂತರು. ಲಟ್ಟಣಿಗೆ ಕೈಯಲ್ಲೇ ಇತ್ತು. ಪ್ಲಾಸ್ಟಿಕ್ ಕುರ್ಚಿ ಹುಡುಕಿ ಕೂತರು. ನಾನು ಫೋನ್ ಬಿಟ್ಟು ಓಡಿ ಬಂದೆ, ಬಿಸಿಲಿಗೆ ತಲೆ ಸುತ್ತಿತೇನೋ ಅಂತ.

“ಅಂವ ಮುಚ್ಚತಿದ್ದಿಲ್ಲ,” ಅಂದರು.

“ಯಾರು ಆಂಟಿ?”

“ಅಂಗಡಿಯಂವ. ಲಟ್ಟಿಸಿ ಲಟ್ಟಿಸಿ, ನಡುವ ಕಾಗದ ಹಾಕಿ, ದೊಡ್ಡ ಫ್ರಿಜ್ಜಿನ್ಯಾಗ ಹಂಗ ತೆರೆದಿಡತಿದ್ದ. ಮರುದಿನದ ತನಕಾ. ನಾ ನೋಡೀನಿ, ಕಣ್ಣಿಲೆ ನೋಡೀನಿ! ಇಂವಗ ಒಂದು ಹಸಿ ಅರಿವಿ ಮುಚ್ಚಬೇಕು ಅನ್ನೂದೂ ತಿಳೀದಲ್ಲ ಅಂತ ಮರುಗಿದ್ದೆ. ಲ್ಯಾಬಿನ್ಯಾಗ ಕೆಲಸ ಮಾಡಾಕಿ ಅಲ್ಲ ನಾ? ತೆರೆದಿಟ್ಟರ ಏನೇನು ಬೆಳೀತಾವ ಅಂತ ಅಂವಗ ಪಾಠಾನೂ ಹೇಳಿ ಬಂದಿದ್ದೆ.”

“ಏನಂದ?”

“ನಕ್ಕ. ಅವತ್ತು ಮ್ಯಾಲೊಂದು ಹಿಡಿ ಉಪ್ಪಿನಕಾಯಿ ಜಾಸ್ತಿ ಹಾಕಿ ಕೊಟ್ಟ.”

ಇಷ್ಟು ತಿಂಗಳು ನಾವಿಬ್ಬರೂ ಹಿಟ್ಟನ್ನು ಹಸುಗೂಸಿನಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಸುತ್ತಿ ಇಟ್ಟಿದ್ದೆವು. ಅದು ಒಣಗಬೇಕಿತ್ತು. ಕಡಕ್ ರೊಟ್ಟಿ ಮಾಡುವ ಊರಿನ ಹೆಂಗಸಿಗೆ ಇದು ಹೊಳೆಯಲಿಲ್ಲ ಅಂತ ಅವರು ಹಣೆ ಹಣೆ ಬಡಿದುಕೊಂಡು ನಕ್ಕರು. ಮುಂದಿನ ಶುಕ್ರವಾರ, ಫ್ರಿಜ್ಜಿನ ಕೆಳ ಹಲಗೆಯಲ್ಲಿ ತೆರೆದಿಟ್ಟು ಚರ್ಮದಂತೆ ಒಣಗಿದ ಹಿಟ್ಟಿನ ಹಾಳೆ ಓವನ್ನಿಗೆ ಹೋಯಿತು. ಹೊರಗೆ ಬಂದಾಗ ಮೈಯೆಲ್ಲ ಸಣ್ಣ ಸಣ್ಣ ಗುಳ್ಳೆ. ಆಂಟಿ ಒಂದು ತುಂಡು ಎತ್ತಿ ಕಿವಿಗೆ ಹಿಡಿದರು. ಆ ಸದ್ದು ಮೇಜಿನ ಈಚೆ ಇದ್ದ ನನಗೂ ಕೇಳಿಸಿತು.

ನಾನು ಕುಣಿದೆ. “ಇನ್ನೇನು ಆಂಟಿ, ಫೋನ್ ಮಾಡಿ ಇಬ್ಬರಿಗೂ!”

ಅವರು ಕುಣಿಯಲಿಲ್ಲ. ಸಾಸಿಗೆ ಬಡೇಸೋಪು ಕಡಿಮೆಯಾಗಿದೆ, ಮುಂದಿನ ವಾರ ನೋಡೋಣ ಅಂದರು. ಮುಂದಿನ ವಾರ ಉಪ್ಪಿನಕಾಯಿ ಇನ್ನೂ ಹಣ್ಣಾಗಿಲ್ಲ ಅಂದರು. ಅದರ ಮುಂದಿನ ವಾರ ಚೀಸಿನಲ್ಲಿ ತಪ್ಪು ಕಂಡಿತು. ಆಸ್ಟಿನ್‌ನಲ್ಲಿ ಯಾರೋ ಇದೇ ಬಗೆಯ ಪಿಜ್ಜಾ ಮಾಡುತ್ತಾರಂತೆ, ರುಚಿ ಹೋಲಿಸಬೇಕು ಅಂತ ನನ್ನಿಂದ ಅಷ್ಟು ದೂರ ಡ್ರೈವ್ ಮಾಡಿಸಿದರು. ಕಾರಿನಲ್ಲೇ ಕೂತು ತಿಂದು, “ಛಲೋ ಅದ. ಆದ್ರ ನಮ್ಮ ಓಣೀದಲ್ಲ,” ಅಂದರು. ಮಗಳ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಹೋಗೋಣವಾ ಅಂದರೆ ಬೇಡ ಅಂದರು.

ನನ್ನ ತಾಳ್ಮೆ ಅಷ್ಟಕ್ಕಷ್ಟೆ. ವಾಪಸು ಬರುವ ದಾರಿಯಲ್ಲಿ ನೇರ ಕೇಳಿದೆ. “ಆಂಟಿ, ಪಿಜ್ಜಾ ಸರಿಯಾಗಿದೆ. ನಿಮಗೆ ಯಾತರ ಭಯ, ಅದು ಹೇಳಿ.”

ರಸ್ತೆಯ ಎರಡೂ ಕಡೆ ದನಗಳು ಮೇಯುತ್ತಿದ್ದವು. ಅವುಗಳ ಕಡೆ ನೋಡುತ್ತಲೇ ಹೇಳಿದರು, “ಯಂತ್ರ ತಗೀರಿ ಅಂದಾಕಿ ಆಕಿ ಅಲ್ಲ ತಂಗಿ. ನಾನು.”

ಮಗಳು ಅಣ್ಣ ಬರಲಿ, ಕಾಯೋಣ ಅಂತ ಅತ್ತಿದ್ದಳಂತೆ. ‘ನನ್ನನ್ನು ಕೊಳವೆ ಚುಚ್ಚಿ ಬದುಕಿಸಿಡಬೇಡ’ ಅಂತ ಅಂಕಲ್ ಹೆಂಡತಿಯಿಂದ ಮೊದಲೇ ಮಾತು ತೆಗೆದುಕೊಂಡಿದ್ದರು. ಅವರ ನರಳಾಟ ನೋಡಲಾರದೆ ಆಂಟಿಯೇ ಸಾಕು ಅಂದುಬಿಟ್ಟರು. ಮಗ ಬಂದು ಯಾರು ಹೇಳಿದ್ದು ಅಂತ ಕೂಗಿದಾಗ, ಇವರು ಬಾಯಿ ತೆರೆಯುವ ಮೊದಲೇ ಮಗಳು ‘ನಾನು’ ಅಂದಳು.

“ನನ್ನ ಉಳಸ್ಲಿಕ್ಕೆ ಅಂದ್ಲು. ನಾ ಸುಮ್ಮನ ನಿಂತೆ. ಗಂಡ ಅಂತೂ ಹೋದ, ಮಗಾನೂ ನನ್ನ ಮ್ಯಾಲೆ ಸಿಟ್ಟಾದ್ರ ನಾ ಎಲ್ಲೆ ಹೋಗ್ಲಿ ಅನಿಸ್ತು. ನಾಳೆ ಹೇಳಿದ್ರಾತು ಅಂತ ಬಿಟ್ಟೆ. ಹಂಗ ಎರಡು ವರ್ಷ ಆತು. ಅವ್ರಿಬ್ಬರನ್ನ ಕೂಡಸ್ಲಿಕ್ಕೆ ಪಿಜ್ಜಾ ಸಾಕಾಗೂದಿಲ್ಲ. ನಾ ಹೇಳಬೇಕು. ಹೇಳಿದ ಮ್ಯಾಲೆ ಅಂವ ನನ್ನ ಅಮ್ಮಾ ಅನ್ನದ ಹೋದ್ರ?”

ಕಾರಿನಲ್ಲಿದ್ದ ಟಿಶ್ಯೂ ಡಬ್ಬಿ ಕೊಟ್ಟೆ. “ಮಗಳೂ ನಿಮ್ಮ ಮಗಳೇ ಅಲ್ವಾ ಆಂಟಿ?” ಅಂದೆ, ಅಷ್ಟೆ. ಮನೆ ಮುಂದೆ ಇಳಿಯುವಾಗ, “ಬರೂ ಶುಕ್ರವಾರ ನೀನೂ ಇರಬೇಕು. ಹೊರಗಿನವರ ಮುಂದ ನಮ್ಮ ಮಕ್ಕಳು ಬಾಯಿ ಮಾಡೂದಿಲ್ಲ,” ಅಂದರು.

ಶುಕ್ರವಾರ ಸಂಜೆ ಇನ್ನೂ ಬಿಸಿಲಿರುವಾಗಲೇ ಎರಡು ಕಾರು ಬಂದವು. ಇನ್ನೊಬ್ಬರೂ ಬರುತ್ತಾರೆ ಅಂತ ಆಂಟಿ ಇಬ್ಬರಿಗೂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ತಾಯಿಗಾಗಿ ಬಂದಿದ್ದರು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸೋಫಾದ ಆ ತುದಿಗೊಬ್ಬರು, ಈ ತುದಿಗೊಬ್ಬರು. ಇಬ್ಬರೂ ನನ್ನನ್ನು ಇಂಗ್ಲಿಷಿನಲ್ಲಿ ಕ್ಷೇಮಸಮಾಚಾರ ಕೇಳಿದರು, ನಾನು ಎರಡು ಸಲ ಚೆನ್ನಾಗಿದ್ದೀನಿ ಅಂದೆ. ಓವನ್ನಿನ ಬಾಗಿಲು ತೆರೆದಾಗ ಬಡೇಸೋಪಿನ ವಾಸನೆ ಬಂತು. ಮಗ ಮೊಬೈಲಿನಿಂದ ತಲೆ ಎತ್ತಿದ. ಮಗಳು ಎದ್ದೇ ಬಂದಳು.

ಮೇಜಿನ ಮೇಲೆ ಆಂಟಿ ಚೌಕ ಚೌಕವಾಗಿ ಕತ್ತರಿಸಿದರು. ಮಗಳ ಕೈ ನಡುವಿಗೆ ಹೋಯಿತು, ಮಗನ ಕೈ ಮೂಲೆಗೆ. ಅವನು ಕಚ್ಚಿದಾಗ ಸದ್ದಾಯಿತು. ಅಗಿಯುವುದನ್ನು ನಿಲ್ಲಿಸಿದ. ನಲವತ್ತು ದಾಟಿದ ಗಂಡಸು ಬಾಯಲ್ಲಿ ತುತ್ತಿಟ್ಟುಕೊಂಡು ಕಣ್ಣು ತುಂಬಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಆಂಟಿ, ಕತ್ತರಿಸುವ ಚಕ್ರ ಕೈಯಲ್ಲೇ ಹಿಡಿದು, ನಿಂತೇ ಹೇಳಿದರು. “ಅವತ್ತು ಆಸ್ಪತ್ರ್ಯಾಗ ಸಾಕು ಅಂದಾಕಿ ನಾನು. ನಿನ್ನ ತಂಗಿ ನಿನ್ನ ಸಲುವಾಗಿ ಕಾಯೋಣು ಅಂತ ಅತ್ತಳು. ನಾ ಕೇಳಲಿಲ್ಲ. ಸಿಟ್ಟು ಮಾಡೂದಿದ್ರ ನನ್ನ ಮ್ಯಾಲೆ ಮಾಡು.”

ಮಗಳು “ಅಮ್ಮಾ, ಬೇಡ” ಅಂದಳು. ಮಗ ಇಬ್ಬರನ್ನೂ ನೋಡಿದ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಗೆ ಹೋದ. ಕಾರಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಆಂಟಿ ಇನ್ನೊಂದು ಪಿಜ್ಜಾ ಓವನ್ನಿಗೆ ಹಾಕಿದರು. ನೆರವಿಗೆ ಹೋದರೆ ನನ್ನನ್ನು ಮುಟ್ಟಗೊಡಲಿಲ್ಲ. ಕಾರು ಸ್ಟಾರ್ಟ್ ಆಗುತ್ತದೇನೋ ಅಂತ ನಾವು ಮೂವರೂ ಕಿವಿಗೊಟ್ಟಿದ್ದೆವು. ಆಗಲಿಲ್ಲ. ಆಮೇಲೆ ಮಗಳು ಒಂದು ತಟ್ಟೆ ತೆಗೆದುಕೊಂಡಳು. ಉಳಿದಿದ್ದ ಮೂರು ಮೂಲೆಗಳನ್ನು ಆರಿಸಿ ಅದರಲ್ಲಿಟ್ಟುಕೊಂಡು ಹೊರಗೆ ಹೋದಳು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು, ಅವಳು ಕಾರಿನ ಇನ್ನೊಂದು ಬಾಗಿಲು ತೆಗೆದು ಅವನ ಪಕ್ಕ ಕೂತಳು. ಒಳಗೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಆಂಟಿ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದರು.

ಎರಡನೆಯ ಪಿಜ್ಜಾ ಆರುವಷ್ಟು ಹೊತ್ತಾದ ಮೇಲೆ ಇಬ್ಬರೂ ಒಳಗೆ ಬಂದರು. ತಟ್ಟೆ ಖಾಲಿಯಿತ್ತು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮಗ, ತಾಯಿಯ ಹತ್ತಿರ ಬಂದು ನಿಂತು, ಅವರ ಕಿವಿಯ ಹಿಟ್ಟನ್ನು ಹೆಬ್ಬೆರಳಲ್ಲಿ ಒರೆಸಿ, “ಇನ್ನೊಂದು ಅದ ಏನಮ್ಮಾ?” ಅಂದ.

ಆಂಟಿ ಆಗ ಅತ್ತರು. ನಾನೂ ಅತ್ತೆ. ಹೊರಗಿನವಳನ್ನು ಕರೆಸಿದ್ದು ಇದಕ್ಕಲ್ಲ ಅಂತ ಅವರು ಆಮೇಲೆ ಅಣಕಿಸಿದರು.

ಅನಂತರ ತಿಂಗಳಿಗೊಂದು ಶುಕ್ರವಾರ ನಮ್ಮ ಬೀದಿಯಲ್ಲಿ ಆ ಎರಡು ಕಾರು ನಿಲ್ಲುತ್ತಿದ್ದವು. ಅಂಥ ದಿನ ಆಂಟಿಗೆ ಒಂದು ಮೂಲೆಯೂ ಸಿಗುತ್ತಿರಲಿಲ್ಲ. ಮಿಕ್ಕ ಶುಕ್ರವಾರ ನನ್ನೊಡನೆ ತಿನ್ನುವಾಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದರು.

ಹೋದ ಚಳಿಗಾಲ ಒಂದು ಗುರುವಾರ ಬೆಳಿಗ್ಗೆ ಅವರು ಅಡುಗೆಮನೆಯಲ್ಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಆಂಬುಲೆನ್ಸಿನ ಹಿಂದೆ ನಾನು ಹೋದೆ. ಮಧ್ಯಾಹ್ನ ಮಗಳು ಆಸ್ಟಿನ್‌ನಿಂದ ಬಂದಳು. ಇನ್ನು ಯಂತ್ರದಿಂದ ಪ್ರಯೋಜನವಿಲ್ಲ, ಏನು ಮಾಡೋಣ ಅಂತ ಡಾಕ್ಟರು ಮೆತ್ತಗೆ ಕೇಳಿದರು. ಅವಳು ತಾಯಿಯ ಕೈ ಬಿಡದೆ, ನಮ್ಮಣ್ಣ ಡಾಲಸ್‌ನಿಂದ ಹೊರಟಿದ್ದಾನೆ, ಅವನು ಬರುವ ತನಕ ಕಾಯುತ್ತೇವೆ ಅಂದಳು. ಕಾದಳು. ಆಂಟಿಯೂ ಕಾದರು. ಅವನು ಬಂದು ತಾಯಿಯ ಇನ್ನೊಂದು ಕೈ ಹಿಡಿದ ಮೇಲೆ, ಅಣ್ಣತಂಗಿ ಒಬ್ಬರನ್ನೊಬ್ಬರು ನೋಡಿ, ಇಬ್ಬರೂ ಕೂಡಿಯೇ ತಲೆಯಾಡಿಸಿದರು. ಕತ್ತಲಾಗುವ ಮೊದಲು ಮುಗಿಯಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಅಕ್ಕಪಕ್ಕದವರೇ ಅಡುಗೆ ತರಬೇಕು. ಟೆಕ್ಸಸ್ಸಿಗೆ ಬಂದರೂ ನಮ್ಮವರು ಇದನ್ನು ಬಿಟ್ಟಿಲ್ಲ. ಅಂತ್ಯಕ್ರಿಯೆ ಮುಗಿದ ದಿನ ಸಂಜೆಯ ಪಾಳಿ ನನ್ನದು. ಹಾಲು ಕೆಟ್ಟಿರುತ್ತದೆ, ತೆಗೆದು ಚೆಲ್ಲೋಣ ಅಂತ ಅವರ ಫ್ರಿಜ್ ತೆರೆದೆ. ಕೆಳ ಹಲಗೆಯಲ್ಲಿ, ಕಾಗದದ ಮೇಲೆ, ಶುಕ್ರವಾರಕ್ಕೆಂದು ಲಟ್ಟಿಸಿಟ್ಟ ದುಂಡನೆಯ ಹಾಳೆಗಳು. ತೆರೆದೇ ಇದ್ದವು. ಚೆನ್ನಾಗಿ ಒಣಗಿದ್ದವು. ಪಕ್ಕದಲ್ಲಿ ಸಾಸಿನ ಡಬ್ಬಿ, ಉಪ್ಪಿನಕಾಯಿಯ ಸೀಸೆ. ಕುಸಿಯುವ ಮೊದಲು ಅವರ ಕೈ ಮಾಡಿದ ಕೊನೆಯ ಕೆಲಸ ಅದು. ನಾನು ಫ್ರಿಜ್ಜಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

ಹಲಗೆ ಸಮೇತ ಎತ್ತಿಕೊಂಡು ನಮ್ಮ ಮನೆಗೆ ತಂದೆ. ಮಾಡಿಟ್ಟ ಸಾರು ಪಲ್ಯ ಹಾಗೇ ಮುಚ್ಚಿಟ್ಟೆ. ನಮ್ಮ ಓವನ್ನಿನಲ್ಲಿ ಸುಟ್ಟು ತೆಗೆದಾಗ ನನ್ನ ಮಗಳು, ಯಾರೂ ಹೇಳದೆ, ಒಂದು ಚೂರನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ತಲೆಯಾಡಿಸಿದಳು. ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಎದುರು ಮನೆಗೆ ಹೋದೆ. ಮಾತಾಡಿಸಲು ಬಂದಿದ್ದ ಕ್ಲಿಯರ್ ಲೇಕ್‌ನ ಆ ಹಿರಿಯರು ಬಟ್ಟೆ ಸರಿಸಿ ನೋಡಿ, “ಇಂಥ ಮನೆಗೆ ಪಿಜ್ಜಾ ತರ್ತಾರೇನಮ್ಮಾ?” ಅಂದರು.

“ಸುಟ್ಟಿದ್ದಷ್ಟೇ ನಾನು ಅಂಕಲ್. ಮಾಡಿದ್ದು ಅವರೇ,” ಅಂದೆ. ಅವರು ತಾವೇ ಬಟ್ಟೆ ಮುಚ್ಚಿದರು.

ಅಣ್ಣತಂಗಿ ಮೇಜಿಗೆ ಬಂದರು. ನಾನು ಚೌಕ ಚೌಕವಾಗಿ ಕತ್ತರಿಸಿದೆ. ಮಗಳು ನಡುವಿನವನ್ನು, ಮಗ ನಾಲ್ಕು ಮೂಲೆಗಳನ್ನು ತಟ್ಟೆಗೆ ಹಾಕಿಕೊಂಡರು, ಅಭ್ಯಾಸ. ತಿನ್ನುವ ಮೊದಲು ತಾಯಿಗೆ ಎಡೆ ಇಡಬೇಕು ಅಂತ ಮಗಳಿಗೆ ನೆನಪಾಯಿತು. ಫೋಟೋ ಮುಂದೆ ಒಂದು ಖಾಲಿ ತಟ್ಟೆ ಇಟ್ಟು ಬಂದವಳು ಕೈಯನ್ನು ಪಿಜ್ಜಾದ ಮೇಲೆ ಹಿಡಿದು ನಿಂತಳು. ಅಮ್ಮನಿಗೆ ಯಾವ ತುಂಡು ಇಷ್ಟ ಅಂತ ಅಣ್ಣನನ್ನು ಕೇಳಿದಳು. ಅವನು ಯೋಚಿಸಿದ. ಅವನಿಗೂ ಗೊತ್ತಿರಲಿಲ್ಲ. ಇಬ್ಬರೂ ನನ್ನ ಮುಖ ನೋಡಿದರು.

ಹೇಳಲೋ ಬೇಡವೋ ಅಂತ ಒಂದು ಗಳಿಗೆ ಅನ್ನಿಸಿತು. ಮಕ್ಕಳಿಗೆ ಹೆದರಿ ಸತ್ಯ ಮುಚ್ಚಿಡಬಾರದು ಅಂತ ಆಂಟಿಯೇ ಕಲಿಸಿ ಹೋಗಿದ್ದರಲ್ಲ.

“ಮೂಲೆ,” ಅಂದೆ. “ನೀವಿಲ್ಲದಾಗ ನಾಲ್ಕೂ ಅವರೇ ತಿಂತಿದ್ರು. ನನಗೂ ಒಂದು ಕೊಡ್ತಿರಲಿಲ್ಲ.”

ಮಗ ತನ್ನ ತಟ್ಟೆಯಲ್ಲಿದ್ದ ನಾಲ್ಕು ಮೂಲೆಗಳನ್ನು ನೋಡಿದ. ಆಮೇಲೆ ಎದ್ದು, ಅದನ್ನು ಹಾಗೇ ಎತ್ತಿಕೊಂಡು ಹೋಗಿ, ಖಾಲಿ ತಟ್ಟೆಯನ್ನು ಸರಿಸಿ, ತಾಯಿಯ ಮುಂದೆ ಇಟ್ಟ.